ಕ್ಷಮೆಗೆ ಅವಸರಪಡಿಸದ ಕಿಟಕಿಯಮ್ಮ

ನಮ್ಮ ಕ್ರೈಸ್ತ ಸಭೆಯಲ್ಲಿ ಪ್ರಸಂಗಕ್ಕೆ ಹೆಸರಾದವರಿದ್ದಾರೆ, ಗಾಯನಕ್ಕೆ ಹೆಸರಾದವರಿದ್ದಾರೆ. ಆದರೆ ದೇವಾಲಯಕ್ಕೆ ಬರುವ ಮಕ್ಕಳಿಗೂ, ಇನ್ನೊಬ್ಬರ ಆಸರೆಯಲ್ಲೇ ಬದುಕುವ ಹಿರಿಯರಿಗೂ ನಮ್ಮಿಂದಲೇ ಕೇಡಾಗದಂತೆ ನೋಡಿಕೊಳ್ಳುವುದು ಒಂದು ಸೇವೆಯೆಂದು ಕಲಿಸಿದವರು ಇವರೊಬ್ಬರೇ. ‘ನಮ್ಮಿಂದಲೇ’ ಎಂಬ ಮಾತನ್ನು ಇವರು ಒತ್ತಿ ಹೇಳಿದಾಗಲೆಲ್ಲ ನಾವು ಮುಖ ಸಿಂಡರಿಸುತ್ತಿದ್ದೆವು. ಇಪ್ಪತ್ತೆರಡು ವರ್ಷ ಆ ಹೊಣೆ ಹೊತ್ತು ಈ ತಿಂಗಳು ನಿವೃತ್ತರಾಗುತ್ತಿರುವ ಇವರನ್ನು ಅಭಿನಂದಿಸುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಆ ಯೋಗ್ಯತೆ ನನಗಿದೆಯೇ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಇವರು ಮೊದಲು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಸಭೆಯ ಹೊಣೆ ವಹಿಸಿಕೊಂಡ ಮೊದಲ ವಾರವೇ ಬಡಗಿಯನ್ನು ಕರೆಸಿ, ಭಾನುವಾರದ ಶಾಲೆಯ ಕೋಣೆಗಳಿಂದ ಹಿಡಿದು ಪಾದ್ರಿಗಳು ಜನರ ಅಳಲು ಕೇಳುವ ಕೋಣೆಯವರೆಗೆ ಪ್ರತಿಯೊಂದು ಬಾಗಿಲಿಗೂ ಗಾಜು ಕೂರಿಸಿದರು. ಹೈಸ್ಕೂಲು ಮೇಷ್ಟ್ರೂ ಸಭೆಯ ಕಾರ್ಯದರ್ಶಿಯೂ ಆಗಿದ್ದ ನಾನು, “ಗಟ್ಟಿಮುಟ್ಟಾದ ಬಾಗಿಲುಗಳನ್ನೆಲ್ಲ ಕೊರೆಸಿ ಹಾಕಿದ್ರಲ್ಲಮ್ಮ!” ಎಂದು ಗೊಣಗಿದೆ. “ಗೋಡೆ ಬಿಟ್ಟಿದ್ದೀನಲ್ಲ ಮೇಷ್ಟ್ರೇ, ಸಂತೋಷಪಡಿ” ಎಂದರು. ಅಂದಿನಿಂದ ಇವರು ಕಿಟಕಿಯಮ್ಮ. ಆ ಹೆಸರಿಟ್ಟವನು ನಾನೇ, ಅದು ಇವರಿಗೂ ಗೊತ್ತು.

ಇವರ ಕೆಲಸದ ರೀತಿ ನೋಡಲು ಸರಳ, ಪಾಲಿಸಲು ಮಹಾ ಕಷ್ಟ. ಹಾಸಿಗೆ ಹಿಡಿದವರ ಮನೆಗೆ ಹೋದರೆ ಇಬ್ಬರು ಹೋಗಬೇಕು. ಕಿವಿ ಕೇಳದ ತಮ್ಮನ ಸುಖದುಃಖವನ್ನು ಅವನ ಅಣ್ಣನನ್ನು ಕೇಳಿ ಬರೆದುಕೊಂಡು ಬರಕೂಡದು. ಅವನ ಮುಂದೆಯೇ ಕುಳಿತು, ಕೈಸನ್ನೆಯಿಂದಲೋ ಬರೆದು ತೋರಿಸಿಯೋ ಅವನನ್ನೇ ಕೇಳಬೇಕು. ಮಗು ಏನಾದರೂ ಹೇಳಿಕೊಂಡರೆ ಮಗುವಿನ ಮಾತಲ್ಲೇ ಬರೆಯಬೇಕು. ಒಮ್ಮೆ ನಾನು ಅಭ್ಯಾಸಬಲದಿಂದ ಅಂಥ ಬರಹವೊಂದನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟೆ. “ಇದೇನು ನಿಮ್ಮ ಹೈಸ್ಕೂಲಿನ ಉತ್ತರಪತ್ರಿಕೆಯೇನ್ರೀ?” ಎಂದು ಎಲ್ಲರೆದುರು ನನ್ನ ಬೆವರಿಳಿಸಿದರು. ಅದೇ ಸಂಜೆ ಮನೆಗೆ ಬಂದು, ಮೂರು ದಿನದಿಂದ ಜ್ವರದಲ್ಲಿದ್ದ ನನ್ನ ಹೆಂಡತಿಯ ಪಕ್ಕದಲ್ಲಿ ಎರಡು ಗಂಟೆ ಕುಳಿತು ಹೋದದ್ದನ್ನೂ ಇಲ್ಲಿ ಹೇಳಲೇಬೇಕು.

ಹನ್ನೊಂದು ವರ್ಷದ ಹಿಂದಿನ ಮಾತು. ಗಾಯನವೃಂದದ ಮಕ್ಕಳನ್ನು ಮನೆಗೆ ಬಿಡುವ ವ್ಯಾನಿನಲ್ಲಿ ಇಬ್ಬರು ದೊಡ್ಡವರಿರಬೇಕೆಂದು ಕಿಟಕಿಯಮ್ಮ ನಿಯಮ ಮಾಡಿದ್ದರು. ಡ್ರೈವರ್ ನಮ್ಮವನೇ, ದೇವಭಕ್ತ, ಇಪ್ಪತ್ತು ವರ್ಷದಿಂದ ನೋಡಿದವನು ಎಂದು ನಾನು ಅದನ್ನು ಸಡಿಲ ಬಿಟ್ಟೆ. ಒಂದು ದಿನ ಹನ್ನೆರಡರ ಹುಡುಗಿಯೊಬ್ಬಳ ತಾಯಿ ಬಂದು, ಅವನು ತನ್ನ ಮಗಳನ್ನೇ ಕೊನೆಗೆ ಉಳಿಸಿಕೊಂಡು ವ್ಯಾನನ್ನು ಎಲ್ಲೆಲ್ಲೋ ನಿಲ್ಲಿಸುತ್ತಾನೆ, ಮೈ ಮುಟ್ಟುತ್ತಾನೆ ಎಂದು ಅತ್ತರು. ನಾನು ಮಾಡಿದ್ದೇನು? ಕಿಟಕಿಯಮ್ಮನಿಗೆ ಹೇಳಲಿಲ್ಲ. ಸಮಾಧಾನದ ಪ್ರಾರ್ಥನೆ ಏರ್ಪಡಿಸಿದೆ. ಪಾದ್ರಿಗಳು, ತಾಯಿ, ಆ ಹುಡುಗಿ, ಆ ಮನುಷ್ಯ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, “ಕ್ಷಮಿಸಿದ್ದೀನಿ ಅನ್ನು ಪುಟ್ಟಿ, ದೇವರು ಮೆಚ್ಚುತ್ತಾನೆ” ಎಂದೆ. ಹುಡುಗಿ ತಲೆ ತಗ್ಗಿಸಿ “ಹೂಂ” ಎಂದಳು. ಅಯ್ಯೋ, ಆ ಮಾತು ಆಡಿದ ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಬಾಗಿಲ ಗಾಜಿನಲ್ಲಿ ನಮ್ಮನ್ನು ಕಂಡರೋ ಏನೋ, ಕಿಟಕಿಯಮ್ಮ ಬಾಗಿಲು ತಟ್ಟದೆ ಒಳಬಂದರು. ವಿಷಯ ತಿಳಿದದ್ದೇ ನನ್ನತ್ತ ತಿರುಗಿದರು. “ಅವನನ್ನು ತಡೆಯೋದು ನಮ್ಮ ಕೆಲಸ. ನೀವು ಕ್ಷಮಿಸೋ ಕೆಲಸಾನ ಮಗು ತಲೆಗೆ ಕಟ್ಟಿದ್ರಾ ಮೇಷ್ಟ್ರೇ?” ಎಂದವರೇ ತಾಯಿ ಮಗಳನ್ನು ಅಡುಗೆಕೋಣೆಗೆ ಕರೆದೊಯ್ದು ಕೂರಿಸಿ, ಮಾತನ್ನೆಲ್ಲ ಕೇಳಿ ಬರೆದುಕೊಂಡು, ಆ ಮಧ್ಯಾಹ್ನವೇ ಪೊಲೀಸರಿಗೆ ತಿಳಿಸಿದರು. ಸಭೆಯ ಮಾನ ಬೀದಿಪಾಲಾಯಿತೆಂದು ಅರ್ಧ ಜನ ಇವರ ಮೇಲೆ ಮುರಕೊಂಡು ಬಿದ್ದರು. ಸ್ವಂತ ನಾದಿನಿಯೇ ಎರಡು ವರ್ಷ ಮಾತು ಬಿಟ್ಟರು. ವಿಚಾರಣೆಯಲ್ಲಿ ಇನ್ನೂ ಇಬ್ಬರು ಮಕ್ಕಳು ಬಾಯಿಬಿಟ್ಟಾಗ ಬೈದವರೆಲ್ಲ ಗಪ್‌ಚಿಪ್. ಅವನಿಗೆ ಜೈಲಾಯಿತು. ಕಾರ್ಯದರ್ಶಿ ಸ್ಥಾನ ಬಿಟ್ಟ ನನಗೆ ಕಿಟಕಿಯಮ್ಮ ಒಂದೇ ಮಾತು ಹೇಳಿದರು: “ಅವಳ ಹತ್ರ ನೀವು ತಪ್ಪೊಪ್ಪಿಕೊಳ್ಳಬೇಕು. ಆದರೆ ನಿಮಗೆ ಹಗುರಾಗಲಿ ಅಂತಲ್ಲ. ಅವಳು ದೊಡ್ಡವಳಾಗಿ, ನಿಮ್ಮನ್ನು ನೋಡೋಕೆ ಒಪ್ಪಿದಾಗ.”

ಅವಳು ಒಪ್ಪಿದ್ದು ಕಳೆದ ತಿಂಗಳು. ಈಗ ಔಷಧದಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಈ ಲೇಖನದಲ್ಲಿ ಆ ದಿನದ ಸಂಗತಿ ಬರೆಯಬಹುದೇ ಎಂದು ಕೇಳಿದೆ. “ಬರೀರಿ ಅಂಕಲ್, ನೀವು ಮಾಡಿದ್ದನ್ನೂ ಸೇರಿಸಿ” ಎಂದಳು. ಕೈ ಮುಗಿದು ಕ್ಷಮೆ ಕೇಳಿದೆ. ಅವಳು ನನ್ನನ್ನು ನೇರವಾಗಿ ನೋಡಿ, “ಅದು ಈಗ ನನ್ನಿಂದ ಆಗಲ್ಲ. ಆದಾಗ ಹೇಳ್ತೀನಿ” ಎಂದಳು.

ಜೋಲುಮುಖ ಹಾಕಿಕೊಂಡು ಕಿಟಕಿಯಮ್ಮನ ಮನೆಗೆ ಹೋಗಿ ಇದನ್ನು ಹೇಳಿದೆ. ಇವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಆಮೇಲೆ ಜೋರಾಗಿ ನಕ್ಕರು. “ಆಗಲ್ಲ ಅಂದಳಾ? ಭಲೇ ನನ್ನ ಕಂದ! ನಿಮ್ಮ ಮುಖಕ್ಕೇ ಅಂದಳಾ?”

ಹೂಂ, ನನ್ನ ಮುಖಕ್ಕೇ ಅಂದಳು. ಅವಳ ಬಾಯಿಗೆ ಆ ಧೈರ್ಯ ಉಳಿಸಿಕೊಟ್ಟ ಈ ತಾಯಿಗೆ ದೇವರು ನೂರು ವರ್ಷ ಆಯುಸ್ಸು, ಗಟ್ಟಿ ಮಂಡಿ, ನನ್ನಂಥವರನ್ನು ಗದರಿಸುವ ಗಂಟಲು ಕೊಡಲಿ. ಇವರು ತರಬೇತಿ ಕೊಟ್ಟ ಕಿರಿಯರಿಗೆ ಇವರ ಮನೆಯ ಬಾಗಿಲು ಎಂದೆಂದೂ ತೆರೆದಿರಲಿ. ಆ ಹುಡುಗಿಯ ಉತ್ತರ ಬಂದಾಗ ಬರಲಿ, ಬಾರದಿದ್ದರೆ ಬೇಡ. ಕೇಳಲು ನಾನು ಮತ್ತೆ ಅವಳ ಬಳಿ ಹೋಗುವುದಿಲ್ಲ.