ಎಲ್ಲೆಕಲ್ಲಿನ ಮೇಲೆ ಕಟ್ಟಿದ ಮನೆ

ನಮ್ಮ ಮನೆ ಓನರ್ ಭದ್ರಮ್ಮನವರ ಪ್ರಶ್ನೆಯಿಂದ ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ. ಹಸು ಕರಿದಾದರೂ ಹಾಲು ಯಾಕೆ ಬೆಳ್ಳಗೆ ಅಂತ ಹಾಲಿನವನನ್ನು ಕೇಳುವರು. ನನಗೋ ಮೂಗಿನ ತುದಿಯಲ್ಲೇ ಕೋಪ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಬೆಳಿಗ್ಗೆ ಇನ್ನೂ ಮಲಗಿರುವವನನ್ನು ಎಬ್ಬಿಸಿ, ಲೇತ್ ಮಿಷನ್ ಬಲಕ್ಕೆ ತಿರುಗುತ್ತೋ ಎಡಕ್ಕೋ ಅಂತ ಕೇಳಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆದರೂ ಹೇಳುತ್ತಿದ್ದೆ. ಹೇಳದಿದ್ದರೆ ಸಂಜೆ ಮತ್ತೆ ಬರುತ್ತಿದ್ದರು.

ಬಾಗಲಗುಂಟೆ ದಾಟಿ ಒಳಗೆ ಹೋದರೆ ಹುಣಸೇಕುಂಟೆ ಅಂತ ಒಂದು ಊರು. ಎಂಬತ್ತೆರಡನೇ ಇಸವಿಯ ಹೊತ್ತಿಗೆ ಪೀಣ್ಯದ ಕಾರ್ಖಾನೆಗಳಿಗೆ ಎಲ್ಲೆಲ್ಲಿಂದಲೋ ಜನ ಬಂದು ತುಂಬಿಕೊಂಡು, ಬಾಡಿಗೆಗೆ ದನದ ಕೊಟ್ಟಿಗೆ ಸಿಕ್ಕರೂ ಸಾಕು ಎನ್ನುವಂತಾಗಿತ್ತು. ಭದ್ರಮ್ಮನವರ ರಾಗಿ ಹೊಲ ಊರ ಅಂಚಿನಲ್ಲೇ ಇತ್ತು. ಹೊಲದ ನಟ್ಟನಡುವೆ ಒಂದು ಎಲ್ಲೆಕಲ್ಲು. ಅದರ ಪಡುವಣಕ್ಕೆ ಸಿಟಿ ಲಿಮಿಟ್ಟು, ಮೂಡಣಕ್ಕೆ ಪಂಚಾಯ್ತಿ. ಆ ಕಲ್ಲನ್ನು ಗೋಡೆಯೊಳಗೆ ಸೇರಿಸಿಕೊಂಡು ಮೂರು ಮಹಡಿ ಎಬ್ಬಿಸಿಬಿಟ್ಟರು ಭದ್ರಮ್ಮ. ಆಗ ಆ ಕಡೆ ಅಷ್ಟೆತ್ತರದ ಮನೆ ಇನ್ನೊಂದಿರಲಿಲ್ಲ. ಜನ ಬಸ್ಸಿನಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು.

ನೋಡುವವರಿಗೆ ಒಂದೇ ಮನೆ, ಕಾನೂನಿಗೆ ಎರಡು. ಸಿಟಿ ಕಡೆಯ ಅರ್ಧಕ್ಕೆ ಇಂಜಿನಿಯರ್ ಟೇಪು ಹಿಡಿದು ಬಂದರು. ಬೆಂಕಿ ಗಿಂಕಿ ಬಿದ್ದರೆ ಓಡಲು ಮೆಟ್ಟಿಲ ಮೇಲೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲ ಬೇಕು, ಮೆಟ್ಟಿಲಿಗೆ ಗಾಳಿ ಬೆಳಕು ಬೇಕು, ಸುತ್ತ ಜಾಗ ಬಿಡಬೇಕು ಅಂತ ತಕರಾರು ತೆಗೆದು, ಒಂದು ಸಲ ಕಟ್ಟಿದ್ದನ್ನು ಕೆಡವಿಸಿ ಮತ್ತೆ ಕಟ್ಟಿಸಿದರು. ಪಂಚಾಯ್ತಿ ಕಡೆಯ ಅರ್ಧಕ್ಕೆ ಬಂದ ಸೆಕ್ರೆಟರಿ ನರಸಪ್ಪನವರು ಮಜ್ಜಿಗೆ ಕುಡಿದು, "ನಿಮ್ಮ ಜಮೀನು, ನಿಮ್ಮ ಮನೆ, ಕಟ್ಕೊಳಮ್ಮ" ಎಂದು ಹೋದರು. ಮೇಸ್ತ್ರಿ ನಲ್ಲಪ್ಪ, "ಕೇಳೋರೇ ಇಲ್ಲ ಅಂದ್ಮೇಲೆ ಮೆಟ್ಲಿಗ್ಯಾಕಮ್ಮ ಜಾಗ ದಂಡ?" ಎಂದವನೇ ಎರಡು ಗೋಡೆಗಳ ಸಂದಿಯಲ್ಲಿ ಒಬ್ಬರೇ ಹತ್ತುವಂಥ ಕತ್ತಲೆ ಮೆಟ್ಟಿಲು ಏರಿಸಿದ. ಎರಡು ಅರ್ಧಗಳ ನಡುವಿನ ಗೋಡೆಗೆ ಬಾಗಿಲೇ ಇಡಲಿಲ್ಲ.

ಸಿಟಿ ಕಡೆಗೆ ಬಾಡಿಗೆ ಜಾಸ್ತಿ. ಅದಕ್ಕೆ ಭದ್ರಮ್ಮನವರ ಸಂಸಾರವೇ ಪಂಚಾಯ್ತಿ ಕಡೆ ಮೇಲಿನ ಮಹಡಿಯಲ್ಲಿ ಇತ್ತು. ನಾನೂ ನನ್ನ ಹೆಂಡತಿ ಕೃಷ್ಣಮ್ಮನೂ ಅದೇ ಮಹಡಿಯಲ್ಲಿ ಗೋಡೆಯ ಈಚೆ, ಸಿಟಿ ಕಡೆ.

ಒಂದು ದಿನ ಪಂಚಾಯ್ತಿ ಕಡೆ ನಡು ಮಹಡಿಯ ಅನುಸೂಯಮ್ಮ ತಂದ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲೊಲ್ಲದು, ಮುಂದಕ್ಕೂ ಹೋಗಲೊಲ್ಲದು. ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ. ಕೊನೆಗೆ ಬೀರಿನ ಕಾಲು ಕತ್ತರಿಸಿ ಎಳೆದರು. ಎಲ್ಲರೂ ನಕ್ಕರು, ಭದ್ರಮ್ಮ ನಗಲಿಲ್ಲ. ಅವತ್ತಿಂದ ಶುರುವಾಯಿತು ನೋಡಿ.

"ಏನಯ್ಯಾ, ಕಲ್ಲಿಂದ ಆ ಕಡೆ ಬೆಂಕಿ ಬಿದ್ರೆ ಜನ ಓಡ್ಬೇಕು, ಈ ಕಡೆ ಬಿದ್ರೆ ಕೂತ್ಕೋಬೇಕಾ? ಯಾಕಂಗೆ?"

"ನನ್ನ ಕೇಳಿದ್ರೆ? ಕಾನೂನು ಮಾಡಿದವರನ್ನ ಕೇಳಿ ಹೋಗಿ," ಎಂದು ರೇಗಿದೆ. ಹೋಗಿಯೇಬಿಟ್ಟರು! ಇಂಜಿನಿಯರ್, "ನನ್ನ ರೂಲು ಎಲ್ಲೆಕಲ್ಲಿನವರೆಗೆ ಕಣಮ್ಮ, ಅದರಾಚೆ ನಾನು ದಾರಿಹೋಕ" ಎಂದರಂತೆ. ಕೇಳಿ ನಾನೂ ಅವರಿಗೆ ನಾಲ್ಕು ಮಾತು ಬೈದೆ. ನರಸಪ್ಪನವರು ಮಾತ್ರ ಬಿಡಿಸಿ ಹೇಳಿದರಂತೆ: "ಹಳ್ಳಿ ಮನೆ ಅಂದ್ರೆ ನೆಲದ ಮೇಲಿರೋ ಮನೆ. ಬೆಂಕಿ ಬಿದ್ರೆ ಬಾಗ್ಲು ದಾಟಿದ್ರೆ ಬೀದಿ. ಮನೆ ಮೇಲೆ ಮನೆ ಕಟ್ತಾರೆ ಅಂತ ನಮ್ಮ ರೂಲು ಬರ್ದೋರು ಕನಸಲ್ಲೂ ಕಂಡಿರ್ಲಿಲ್ಲ ಕಣಮ್ಮ." ಈ ಉತ್ತರ ಭದ್ರಮ್ಮನವರಿಗೆ ಹಿಡಿಸಿತು. ನಾಲ್ಕು ದಿನ ಅದನ್ನೇ ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ನಿಜ ಹೇಳಬೇಕೆಂದರೆ ನನಗೂ ಅದು ಹೊಸ ವಿಚಾರವೇ.

ಉಪಾಯ ಹೊಳೆದದ್ದು ನಲ್ಲಪ್ಪನಿಗೆ. ನಡುಗೋಡೆಗೆ ಒಂದೊಂದು ಮಹಡಿಯಲ್ಲಿ ಒಂದೊಂದು ಬಾಗಿಲು ಒಡೆದರೆ, ಪಂಚಾಯ್ತಿ ಕಡೆಯವರು ಸಿಟಿ ಮೆಟ್ಟಿಲಲ್ಲಿ ಇಳಿಯಬಹುದು. ಬಂದು ಇದ್ದಲಿನಲ್ಲಿ ಗೆರೆಯನ್ನೂ ಎಳೆದ. ಅಷ್ಟರಲ್ಲಿ ಭದ್ರಮ್ಮನವರ ಸೊಸೆ ಭಾಗ್ಯಮ್ಮ ಬಸುರಿ ಅಂತ ಗೊತ್ತಾಯಿತು. ಕೆಲಸ ಅಲ್ಲಿಗೇ ನಿಂತಿತು.

ಬಸುರಿ ಇರುವ ಮನೆಯಲ್ಲಿ ಗೋಡೆ ಒಡೆಯಬಾರದು, ಮೊಳೆ ಕೂಡ ಹೊಡೆಯಬಾರದು. ಒಡೆದರೆ ಹುಟ್ಟುವ ಕೂಸಿಗೆ ಊನ. ಅಲ್ಲಿನ ಹಳೇ ಮನೆತನಗಳಲ್ಲಿ ಇದಕ್ಕೆ ಎರಡು ಮಾತಿಲ್ಲ. ಭಾಗ್ಯಮ್ಮನಿಗೆ ಮೊದಲೆರಡು ಬಸಿರು ನಿಂತಿರಲಿಲ್ಲ. ತವರಿನಲ್ಲಿ ನೋಡಿಕೊಳ್ಳುವವರೂ ಇರಲಿಲ್ಲ. ಭದ್ರಮ್ಮ ಆ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ನಾನೊಂದು ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೋದರೆ ಗೋಡೆಯಾಚೆಯಿಂದ ಕಿರುಚಿಕೊಂಡರು.

"ನಮ್ದು ಸಿಟಿ ಕಡೆ ಕಣ್ರಮ್ಮ, ಕಾನೂನ್ ಪ್ರಕಾರ ಬೇರೆ ಮನೆ!"

"ಕಾನೂನಿಗೆ ಬೇರೆ. ನಮ್ ಶಾಸ್ತ್ರಕ್ಕೆ ಒಂದೇ ಮನೆ. ಇಳ್ಸು ಕೈ!"

ಇಳಿಸಿದೆ. ಇನ್ನೇನು ಮಾಡಲಿ?

ಭಾಗ್ಯಮ್ಮನಿಗೆ ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ, ಗಂಡಸರೆಲ್ಲ ಕಾರ್ಖಾನೆಗೆ ಹೋದ ಮೇಲೆ, ನಾನು ಇನ್ನೂ ಹಾಸಿಗೆಯಲ್ಲಿದ್ದೆ. ಕಾರ್ಖಾನೆಯಲ್ಲಿ ಮಿಷನ್ ಒರೆಸಿ ಬಿಸಾಡುವ ಎಣ್ಣೆ ಹತ್ತಿಯನ್ನು ನೀರೊಲೆ ಹೊತ್ತಿಸಲು ಎಲ್ಲರೂ ತರುವವರೇ. ಪಂಚಾಯ್ತಿ ಕಡೆಯವರು ಅದನ್ನು ಮೆಟ್ಟಿಲ ಕೆಳಗೆ ಗುಡ್ಡೆ ಹಾಕಿದ್ದರು. ಅದಕ್ಕೆ ಎಲ್ಲಿಂದಲೋ ಕಿಡಿ ಬಿತ್ತು. ಆ ಸಂದಿ ಮೆಟ್ಟಿಲು ಹೊಗೆಗೂಡಾಗಿಬಿಟ್ಟಿತು. ಕರೀ ಹೊಗೆ ನೇರ ಮೇಲಕ್ಕೆ ನುಗ್ಗಿತು.

ಗೋಡೆ ದಬದಬ ಬಡಿದ ಸದ್ದಿಗೆ ಎದ್ದೆ. "ಏನಯ್ಯಾ! ಇದೀಯಾ? ಕೆಳಕ್ಕಿಳಿಯಾಕಾಗ್ತಿಲ್ಲ, ಭಾಗ್ಯಂಗೆ ಉಸ್ರು ಕಟ್ತೈತೆ!"

"ಗೋಡೆ ಒಡೀಲಾ?" ಎಂದು ಕೂಗಿದೆ.

ಆ ಕಡೆಯಿಂದ ಬರೀ ಕೆಮ್ಮು. ನನಗೆ ಮೈಯೆಲ್ಲ ಉರಿದುಹೋಯಿತು. "ಅಮ್ಮೋ, ಜೀವ ಇದ್ರೆ ತಾನೇ ಊನ ಗೀನ! ಒಡೀತೀನಿ, ಸರೀರಿ ಆ ಕಡೆಗೆ!"

"ಒಡಿಯಪ್ಪಾ," ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಈಚೆಯಿಂದ ಹಾರೆಯಲ್ಲಿ, ಅವರು ಆಚೆಯಿಂದ ಒನಕೆಯಲ್ಲಿ. ನಲ್ಲಪ್ಪನ ಇದ್ದಲು ಗೆರೆಯೊಳಗೆ ಇಟ್ಟಿಗೆ ಉದುರಿ, ಒಬ್ಬರು ಬಾಗಿ ದಾಟುವಷ್ಟು ಕಿಂಡಿಯಾಯಿತು. ಭಾಗ್ಯಮ್ಮನನ್ನು ಮೆಲ್ಲಗೆ ಎಳೆದುಕೊಂಡೆವು. ನಾನೊಂದು ಕಡೆ ಕೃಷ್ಣಮ್ಮ ಒಂದು ಕಡೆ ಹಿಡಿದು, ಅಗಲವಾದ ಸಿಟಿ ಮೆಟ್ಟಿಲಲ್ಲಿ ಇಳಿಸಿದೆವು. ಆ ಇಂಜಿನಿಯರಿಗೆ ನಾನು ಬೈದಿದ್ದೆಲ್ಲ ವಾಪಸ್ಸು ತಗೊಂಡೆ.

ನಡು ಮಹಡಿಯಲ್ಲಿ ಅನುಸೂಯಮ್ಮ ಮಕ್ಕಳ ಸಮೇತ ಸಿಕ್ಕಿಬಿದ್ದಿದ್ದಳು. ಅಲ್ಲಿ ಕಿಂಡಿಯಿಲ್ಲ, ಒಡೆಯಲು ಹೊತ್ತೂ ಇರಲಿಲ್ಲ. ಜನ ಸೇರಿ ಕೊಡ ಕೊಡ ನೀರು ಸುರಿದು, ಗೋಣಿ ನೆನೆಸಿ ಹೊದ್ದು ಹೋಗಿ ಹೊತ್ತು ತಂದರು. ಚಿಕ್ಕ ಮಗು ಮಿಸುಕುತ್ತಲೇ ಇರಲಿಲ್ಲ. ಸಂಜೆ ಅದು ಕಣ್ಣು ಬಿಟ್ಟು ನೀರು ಕೇಳುವವರೆಗೆ ಭದ್ರಮ್ಮ ಅದರ ಪಕ್ಕ ಬಿಟ್ಟು ಏಳಲಿಲ್ಲ.

ಮರುದಿನವೇ ನಲ್ಲಪ್ಪನಿಗೆ ಹೇಳಿಕಳಿಸಿ, ಉಳಿದ ಮಹಡಿಗಳಲ್ಲೂ ಬಾಗಿಲು ಒಡಿ ಎಂದರು. ಅವನು ನಡು ಮಹಡಿಯ ಗೋಡೆ ಮುಂದೆ ನಿಂತು ಸಾಮಾನು ಕೆಳಗಿಟ್ಟ.

"ನನ್ ಕೈಲಾಗಲ್ಲಮ್ಮ. ನಿನ್ನೆ ಪ್ರಾಣಕ್ಕೆ ಬಂದಿತ್ತು, ದೇವ್ರೂ ಒಪ್ಕೋತಾನೆ. ಇವತ್ತು ಬೇಕಂತ ಒಡೆದ್ರೆ? ಇವತ್ತೋ ನಾಳೆಯೋ ಹೆರೋ ಹೆಂಗ್ಸು ಅವಳೆ. ಬಾಣಂತನ ಕಳೀಲಿ ತಾಯಿ, ಎಲ್ಲಾ ಒಡ್ಕೊಡ್ತೀನಿ."

ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಭದ್ರಮ್ಮ ಗೋಡೆ ನೋಡಿದರು. ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಅನುಸೂಯಮ್ಮನನ್ನು ನೋಡಿದರು. ಎಲ್ಲರನ್ನೂ ಕೇಳುವ ಆ ಹೆಂಗಸಿಗೆ ಅವತ್ತು ಕೇಳಲು ಯಾರೂ ಇರಲಿಲ್ಲ.

ಅಷ್ಟರಲ್ಲಿ ಭಾಗ್ಯಮ್ಮನೇ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತೆಯ ಎದುರು ನಿಂತಳು.

"ಒಡೀರಿ ಅತ್ತೆ. ಇವ್ರ ಮನೇಲಿರೋವೂ ಮಕ್ಳೇ."

ಭದ್ರಮ್ಮ ಸುತ್ತಿಗೆ ಎತ್ತಿಕೊಂಡರು. "ಪಾಪ ಬಂದ್ರೆ ನನಗ್ ಬರ್ಲಿ, ಕೂಸಿಗ್ ಬ್ಯಾಡ," ಎಂದು ಜೋರಾಗಿ ಅಳುತ್ತಲೇ ಹೊಡೆದರು. ಮೊದಲ ಇಟ್ಟಿಗೆ ಬಿದ್ದ ಮೇಲೆ ನಲ್ಲಪ್ಪ ಮಾತಾಡದೆ ಅವರ ಕೈಯಿಂದ ಸುತ್ತಿಗೆ ಈಸಿಕೊಂಡ.

ಆ ವಾರವೇ ಹೆರಿಗೆಯಾಯಿತು. ಹೆಣ್ಣು ಮಗು. ಗಂಡೋ ಹೆಣ್ಣೋ ಅಂತ ಕೂಡ ಭದ್ರಮ್ಮ ಕೇಳಲಿಲ್ಲ. ಬಟ್ಟೆ ಬಿಚ್ಚಿ ತುಟಿ ನೋಡಿದರು, ಕಿವಿ ನೋಡಿದರು, ಬೆರಳು ಒಂದೊಂದನ್ನೂ ಬಿಡಿಸಿ ನೋಡಿದರು. ಎಲ್ಲೂ ಒಂದು ಊನವಿಲ್ಲ. ಆಮೇಲೆ ಮಗುವನ್ನು ಸೊಸೆಯ ಮಗ್ಗುಲಲ್ಲಿ ಮಲಗಿಸಿ, ಆಸ್ಪತ್ರೆಯ ನೆಲದ ಮೇಲೆ ಕೂತುಬಿಟ್ಟರು.