ಉಳ್ಳಾಗಡ್ಡಿಗಾಗಿ ಅತ್ತವರು

ಮೊನ್ನೆ ಚರ್ಚಿನಲ್ಲಿ, ನಗಬಾರದ ಹೊತ್ತಿನಲ್ಲಿ ನಕ್ಕುಬಿಟ್ಟೆ. ಮೂವತ್ತು ವರ್ಷದಿಂದ ಪುಣೆಯ ಮಾರ್ಕೆಟ್ ಯಾರ್ಡಿನ ಸಗಟು ಅಂಗಡಿಯೊಂದರಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ತೂಗಿಸುತ್ತಿರುವ ಗುಮಾಸ್ತ ನಾನು. ಅಂಗಿಯನ್ನು ಎಷ್ಟು ಒಗೆದರೂ ಆ ವಾಸನೆ ಹೋಗುವುದಿಲ್ಲ, ಹೀಗಾಗಿ ಚರ್ಚಿನಲ್ಲಿ ನನ್ನ ಪಕ್ಕದ ಜಾಗ ಹೆಚ್ಚಾಗಿ ಖಾಲಿ. ಅಂಥವನ ಮುಂದೆ ನಮ್ಮ ಸಭಾಪಾಲಕರು ಇಸ್ರಾಯೇಲ್ಯರ ಕತೆ ತೆಗೆದರು. ಐಗುಪ್ತದ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಜನ. ಅಡವಿಯಲ್ಲಿ ದೇವರು ದಿನಾ ಬೆಳಿಗ್ಗೆ ಮನ್ನ ಎಂಬ ಆಹಾರವನ್ನು ಆಕಾಶದಿಂದ ಸುರಿಸುತ್ತಿದ್ದ. ಆದರೂ ಅವರು ಐಗುಪ್ತದ ಉಳ್ಳಾಗಡ್ಡಿ, ಬೆಳ್ಳುಳ್ಳಿ ನೆನೆದು ಡೇರೆಯ ಬಾಗಿಲಲ್ಲಿ ಕೂತು ಅತ್ತರಂತೆ. ಸಭೆಯೆಲ್ಲ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿತು. ನನಗೆ ಮಾತ್ರ ಅವರು ಹತ್ತಿರದ ನೆಂಟರೆನಿಸಿದರು.

ನನ್ನ ಐಗುಪ್ತ ಬೀದರ ಕಡೆಯ ಒಂದು ಹಳ್ಳಿ. ಅಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ನಮಗೆ ಎಚ್ಚರವಾಗುತ್ತಿತ್ತು. ಹಂಚಿನಿಂದ ನೇರ ತಾಟಿಗೆ ಬಿದ್ದ ಜೋಳದ ರೊಟ್ಟಿ, ಅದರ ಮೇಲೆ ಕೆಂಪು ಖಾರ, ತುಸು ಎಣ್ಣೆ, ಗುದ್ದಿ ಒಡೆದ ಉಳ್ಳಾಗಡ್ಡಿ. ಆ ರುಚಿ ಇನ್ನೂ ನಾಲಿಗೆಯ ಮೇಲಿದೆ. ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅದು ಸಿಗಲಿಲ್ಲವೆಂದು, ಹೆಂಡತಿ ಸುಗುಣಳ ರೊಟ್ಟಿಯ ಮೊದಲ ತುತ್ತಿಗೇ ನಾನು ಹೇಳುತ್ತಾ ಬಂದ ಮಾತು ಒಂದೇ: "ಊರ ರೊಟ್ಟಿ ಹಂಗ ಆಗಿಲ್ಲ ನೋಡು."

"ಊರಾಗ ನಳದ ನೀರು ಎಂಟು ದಿನಕ್ಕೊಮ್ಮೆ ಬರ್ತಿತ್ತು. ಅದು ನೆನಪಾಗಂಗಿಲ್ಲೇನ್ರಿ?" ಎನ್ನುತ್ತಿದ್ದಳು ಅವಳು.

ಆಗುತ್ತಿರಲಿಲ್ಲ. ಇಸ್ರಾಯೇಲ್ಯರಿಗೂ ಬೆನ್ನಿಗೆ ಬಿದ್ದ ಚಾಟಿಯ ಏಟು ಮರೆತು ಉಳ್ಳಾಗಡ್ಡಿಯೊಂದೇ ನೆನಪಿನಲ್ಲಿ ಉಳಿದಿತ್ತು.

ಒಮ್ಮೆ ಊರಿನಿಂದ ಒಂದು ಚೀಲ ಬಿಳಿಜೋಳ ತರಿಸಿದೆ. ಅಷ್ಟು ಒಳ್ಳೆಯ ಜೋಳವನ್ನು ದಿನಾ ತಿಂದು ಮುಗಿಸುವುದೇ? ಕ್ರಿಸ್ಮಸ್ಸಿಗಿರಲಿ ಎಂದು ಕಟ್ಟಿ ಮಂಚದ ಕೆಳಗಿಟ್ಟು, ಪುಣೆಯ ಜೋಳದ ರೊಟ್ಟಿಯನ್ನು ಗೊಣಗುತ್ತಲೇ ತಿಂದೆ. ಹಬ್ಬಕ್ಕೆ ಬಿಚ್ಚಿದರೆ ಚೀಲದ ತುಂಬ ನುಸಿ. ನಾನು ಬೆಪ್ಪಾಗಿ ನಿಂತೆ. ಸುಗುಣ ಮೊರ ತಂದಳು.

"ನಾಳಿಗಂತ ಮುಚ್ಚಿಟ್ಟ ಮನ್ನಕ್ಕೂ ಹುಳ ಬಿದ್ದಿದ್ವಂತ್ರಿ. ಕೂಡ್ರಿ, ಆರಿಸೂಣು."

ಈ ಮಳೆಗಾಲದಲ್ಲಿ ಅವಳು ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ತೆಗೆದ ದಿನ ಡಾಕ್ಟರು ಮರಾಠಿಯಲ್ಲಿ, "ಆತಾ ಭಾಕರಿ ವಿಸರಾ," ಎಂದರು, ರೊಟ್ಟಿಯನ್ನು ಇನ್ನು ಮರೆತುಬಿಡಿ ಎಂದು. ಎಲುಬು ಮುರಿದಾಗ ಅಳದವಳು ರಿಕ್ಷಾದಲ್ಲಿ ಅತ್ತಳು. "ಇನ್ ನಾ ಯಾತಕ್ಕ ಬೇಕ್ರಿ ಮನ್ಯಾಗ?" ಎಂದಳು. ಮರುದಿನ ಬೆಳಿಗ್ಗೆ, ಪ್ಲಾಸ್ಟರಿನ ದಿನಗಳಂತೆಯೇ, ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳವಿಲ್ಲ. ಇನ್ನು ಕೇಳುವುದೂ ಇಲ್ಲ. ಅವ್ವನ ಸಪ್ಪಳ ನೆನೆಯುತ್ತಾ ಸುಗುಣಳ ಸಪ್ಪಳವನ್ನು ಇಷ್ಟು ವರ್ಷ ಕಿವಿಗೇ ಹಾಕಿಕೊಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆ ಭಾನುವಾರವೇ ಸಭಾಪಾಲಕರು ಆ ಕತೆ ಹೇಳಿದ್ದು. ನಗು ಬೇಗ ಇಂಗಿತು. ಗೊಣಗಿದವರಿಗೂ ಮಾರನೆಯ ಬೆಳಿಗ್ಗೆ ಮನ್ನ ಬಿದ್ದೇ ಇತ್ತಂತೆ. ನನಗೂ ಬಿದ್ದಿತ್ತು, ಮೂವತ್ತು ವರ್ಷ, ಬಿಸಿಬಿಸಿಯಾಗಿ.

ಮನೆಗೆ ಬಂದು ತೋಳು ಮಡಚಿದೆ. ಸುಗುಣ ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಡತೊಡಗಿದಳು. "ಕುದಿಯೋ ನೀರು ಹಾಕ್ರಿ. ಇನ್ನಾ ನಾದ್ರಿ. ಅಂಜ್ಕೋತ ಬಡದ್ರ ಹರೀತದ್ರಿ." ಅಂಜಲಿಲ್ಲ, ಆದರೂ ಹರಿಯಿತು. ಮೊದಲ ಎರಡು ರೊಟ್ಟಿ ಹಂಚಿಗೇ ಅಂಟಿಕೊಂಡವು. ಮೂರನೆಯದನ್ನು ರೊಟ್ಟಿ ಎಂದು ಕರೆಯಬಹುದಿತ್ತು. ಅಂಚು ಸೀಳಿತ್ತು, ಒಂದು ಕಡೆ ದಪ್ಪ, ಇನ್ನೊಂದು ಕಡೆ ಕರಕಲು. ಅವಳ ತಾಟಿಗೆ ಹಾಕಿ, ಪರೀಕ್ಷೆ ಬರೆದ ಹುಡುಗನ ಹಾಗೆ ಕೈಕಟ್ಟಿ ನಿಂತೆ. ನನ್ನ ಒಂದು ಮಾತಿಗಾಗಿ ಇವಳು ಎಷ್ಟು ಸಾವಿರ ಸಲ ಹೀಗೆ ನಿಂತಿರಬೇಕು ಎಂದು ಆಗ ಗೊತ್ತಾಯಿತು.

ಸುಗುಣ ಎಡಗೈಯಿಂದ ತುತ್ತು ಮುರಿದು ನಿಧಾನವಾಗಿ ಅಗಿದಳು.

"ಊರ ರೊಟ್ಟಿ ಹಂಗ ಆಗಿಲ್ಲ ನೋಡ್ರಿ," ಎಂದು, ತಾಟನ್ನು ನನ್ನ ಕಡೆ ಸರಿಸಿದಳು. "ಇನ್ನೊಂದು ಹಾಕ್ರಿ."