ಹಿತ್ತಾಳೆ ನಾಜಲ್‌ನ ಅಂಚು

ಇವತ್ತು ಬೆಳಿಗ್ಗೆ ಅಡುಗೆಮನೆಯ ನಲ್ಲಿಯ ನೀರು ನೆಟ್ಟಗೆ ಬೀಳದೆ ಎಡಕ್ಕೆ ವಾಲಿ, ಸಿಂಕಿನ ಅಂಚಿಗೆ ಬಡಿದು, ಆಫೀಸಿಗೆ ಹೊರಟಿದ್ದ ಸೊಸೆಯ ಬಟ್ಟೆ ತೋಯಿಸಿತು.

"ಮಾವಾರ, ಈ ನಲ್ಲಿಗೆ ಏನಾಗೇತ್ರಿ?"

ನಿನ್ನೆ ಕುಕ್ಕರ್ ತೊಳೆಯಲು ಹೋಗಿ ಅದನ್ನು ನಲ್ಲಿಯ ಮೂತಿಗೆ ಬಡಿದವನು ನಾನೇ. ಆದರೂ ನನ್ನ ಬಾಯಿಂದ ಬಂದದ್ದು, "ಸವದಿರಬೇಕು ಬಿಡವ್ವ."

ಆ ಮಾತು ಹೊರಗೆ ಬಿದ್ದದ್ದೇ ತಡ, ನನಗೆ ಕಸಿವಿಸಿಯಾಯಿತು. ಇದೇ ಮಾತನ್ನು ಹಿಂದೆ ಒಮ್ಮೆ ಇನ್ನೊಬ್ಬ ಹೆಣ್ಣುಮಗಳ ಮುಂದೆ ಆಡಿದ್ದೆ. ಅದನ್ನು ನಿಮಗೆ ಹೇಳಿಬಿಡುತ್ತೇನೆ.

ನಾನು ಓದಿದ್ದು ಹತ್ತನೆಯ ತರಗತಿ. ವಿಜ್ಞಾನದಲ್ಲಿ ಪಾಸಾದದ್ದು ಮೇಷ್ಟರ ಕೃಪೆ. ಅಂಥವನು ಹೈದರಾಬಾದಿಗೆ ಬಂದು ವಿಜ್ಞಾನಿಗಳ ಪ್ರಯೋಗಾಲಯದಲ್ಲೇ ಫಿಟ್ಟರ್ ಆದೆ. ಹೊರಗೆ ತೆಲುಗು, ಸಾಹೇಬರ ಹತ್ತಿರ ಹಿಂದಿ. ಕನ್ನಡ ಆಡುತ್ತಿದ್ದದ್ದು ಧಾರವಾಡ ಕಡೆಯ ಒಬ್ಬ ವಿಜ್ಞಾನಿಯ ಜೊತೆ ಮಾತ್ರ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನನ್ನು ಕಾಕಾ ಅನ್ನುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವಂತೆ ನಾನು ಅವರನ್ನು ಬಾಯಾರ ಅನ್ನುತ್ತಿದ್ದೆ. ನಿಜಕ್ಕೂ ಅವರು ನನಗೆ ಕಲಿಸುತ್ತಿದ್ದರು.

ಅವರ ಕೆಲಸವೆಂದರೆ, ತೂತಿನಿಂದ ಚಿಮ್ಮುವ ನೀರಿನ ಧಾರೆ ಹೇಗೆ ಓಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರವಾಗಿ ತೋರಿಸುವುದು. ಧಾರೆ ಸುತ್ತಲಿನ ನಿಂತ ನೀರನ್ನು ಉಜ್ಜಿಕೊಂಡು ಹೋಗುವಾಗ ಅಂಚಿನಲ್ಲಿ ಸುಳಿ ಏಳುತ್ತದೆ. ಸುಳಿ ಬಳೆಯಾಗುತ್ತದೆ. ಹಿಂದಿನ ಬಳೆ ಮುಂದಿನದರೊಳಗೆ ತೂರಿ ಒಂದಾಗುತ್ತದೆ, ಕೊನೆಗೆ ನಡುಗಿ ಚೂರಾಗುತ್ತದೆ. "ಬೀಡಿ ಸೇದೋರು ಹೊಗಿ ಬಳಿ ಬಿಡ್ತಾರಲ್ಲ ಕಾಕಾ, ಅದರ ತಂಗಿ ಇದು," ಎಂದಿದ್ದರು. ಪರದೆಯ ಮೇಲೆ ಕೆಂಪು ನೀಲಿ ಬಳೆಗಳು ಒಂದರ ಹಿಂದೊಂದು ಹೊರಡುವುದನ್ನು ನಾನು ಚಹಾ ಆರುವವರೆಗೂ ನೋಡುತ್ತಿದ್ದೆ.

ಲೆಕ್ಕ ನಿಜವೋ ಅಲ್ಲವೋ ಎಂದು ತಿಳಿಯಲು ಗಾಜಿನ ತೊಟ್ಟಿಯಿತ್ತು. ಅದರಲ್ಲಿ ಹಿತ್ತಾಳೆಯ ನಾಜಲ್‌ನಿಂದ, ಅಂದರೆ ಕೊಳವೆಯ ಮೂತಿಯಿಂದ, ಬಣ್ಣದ ನೀರು ಬಿಡುವುದು ನನ್ನ ಕೆಲಸ. ಒಂದು ಸಂಜೆ ಮನೆಗೆ ಹೋಗುವ ಅವಸರದಲ್ಲಿ ಆ ನಾಜಲ್ ಕೈಜಾರಿ ಸಿಮೆಂಟು ನೆಲಕ್ಕೆ ಬಿತ್ತು. ಅಂಚು ನಗ್ಗಿತು. ಹಿಂದೊಮ್ಮೆ ಮಾಪಕ ಒಡೆದು ಬೈಸಿಕೊಂಡಿದ್ದೆ. ಮರದ ಸುತ್ತಿಗೆಯಿಂದ ಬಡಿದು ಸರಿಮಾಡಿ, ಎಮರಿ ಪೇಪರಿನಿಂದ ಉಜ್ಜಿ, ಬೆರಳಾಡಿಸಿ ನೋಡಿದೆ. ಬೆರಳಿಗೆ ಏನೂ ತಾಕಲಿಲ್ಲ. ಫಿಟ್ಟರನಿಗೆ ಬೆರಳೇ ದೇವರು. ಹಾಗೆಯೇ ಜೋಡಿಸಿಬಿಟ್ಟೆ.

ಮರುದಿನದಿಂದ ತೊಟ್ಟಿಯ ಧಾರೆ ಒಂದು ಕಡೆ ವಾಲಿ, ಬೇಗ ಒಡೆಯತೊಡಗಿತು. ಕಂಪ್ಯೂಟರಿನ ಧಾರೆ ಮಾತ್ರ ನೆಟ್ಟಗೇ ಇತ್ತು. ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರು ಎಲ್ಲರೆದುರು ನಕ್ಕರು. "ಮೇಡಂ, ಪಾನಿ ಝೂಟ್ ನಹೀ ಬೋಲ್ತಾ." ನೀರು ಸುಳ್ಳು ಹೇಳುವುದಿಲ್ಲ, ನಿಮ್ಮ ಕಂಪ್ಯೂಟರ್ ರಂಗೋಲಿ ಹಾಕುತ್ತಿದೆ ಎಂದರು. ತಪ್ಪು ಸಿಗದಿದ್ದರೆ ತಿಂಗಳ ಕೊನೆಗೆ ಕೆಲಸವನ್ನೇ ನಿಲ್ಲಿಸುವುದಾಗಿಯೂ ಹೇಳಿದರು.

ಬಾಯಾರು ತಮ್ಮ ಲೆಕ್ಕವನ್ನು ಸಾಲುಸಾಲಾಗಿ ತಡಕಿದರು. ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ದರು. ನಾನು ಚಹಾ ತಂದಿಡುತ್ತಿದ್ದೆ, ಸುಮ್ಮನಿರುತ್ತಿದ್ದೆ. ಬೀಳಿಸಿದ್ದು ಕೈ ಮಾಡಿದ ತಪ್ಪು. ಸುಮ್ಮನಿದ್ದದ್ದು ನಾನು ಮಾಡಿದ ತಪ್ಪು.

ಒಂದು ಮಧ್ಯಾಹ್ನ ಕರೆದರು. "ಕಾಕಾ, ನಾನು ತೂತು ಭಾಳ ದುಂಡಗ ಬರದೀನಿ. ಲೋಕದಾಗ ಅಷ್ಟು ದುಂಡಗ ಏನೈತಿ ಹೇಳ್ರಿ?" ಕಂಪ್ಯೂಟರಿನ ತೂತಿನ ಅಂಚಿಗೆ ಸಣ್ಣದೊಂದು ನಗ್ಗು ಇಟ್ಟು ಮತ್ತೆ ಲೆಕ್ಕ ಹಾಕಿಸಿದ್ದರು. ಪರದೆಯಲ್ಲಿ ಬಳೆಗಳು ಓರೆಯಾಗಿ ಹೊರಟವು, ಒಂದರ ಮೇಲೊಂದು ಹತ್ತಿದವು, ಧಾರೆ ವಾಲಿತು. ತೊಟ್ಟಿಯಲ್ಲಿ ವಾಲುತ್ತಿದ್ದ ಹಾಗೆಯೇ. ನನ್ನ ಬೆರಳಿಗೆ ಸಿಗದ್ದು ಆ ಪರದೆಗೆ ಸಿಕ್ಕಿತ್ತು.

"ಎಡಗಡೆ, ಮ್ಯಾಲ ನಗ್ಗೇತಿ. ನಾಜಲ್ ಬಿದ್ದಿತ್ತೇನು ಕಾಕಾ?"

"ಇಲ್ರಿ ಬಾಯಾರ. ಸವದಿರಬೇಕು."

ಅವರು ನನ್ನ ಮುಖ ನೋಡಿದರು. "ಸವದಿರಬೇಕು. ಹೊಸಾದು ಮಾಡಸೋಣ ನಡೀರಿ." ಸಾಹೇಬರಿಗೂ ಅದನ್ನೇ ಹೇಳಿದರು, "ನಾಜಲ್ ಘಿಸ್ ಗಯಾ ಥಾ, ಸರ್." ಹೊಸ ನಾಜಲ್ ಹಾಕಿದಾಗ ನೀರು ಲೆಕ್ಕದ ಹಾದಿಯಲ್ಲೇ ಓಡಿತು. ಅವರ ಕೆಲಸ ಉಳಿಯಿತು. ಅವರ ಮಾತಿನಿಂದ ನನ್ನದೂ ಉಳಿಯಿತು.

ಅಷ್ಟಕ್ಕೇ ಬಿಡಲಿಲ್ಲ ಅವರು. ಅಂಚಿನಲ್ಲಿ ಬೇಕೆಂದೇ ಕಚ್ಚು ಮಾಡಿದರೆ ಧಾರೆ ಸುತ್ತಲಿನ ನೀರಿನೊಂದಿಗೆ ಬೇಗ ಬೆರೆಯುತ್ತದೆಂದು ಲೆಕ್ಕದಲ್ಲಿ ಕಂಡು, ಅಂಥ ನಾಜಲ್‌ಗಳು ಬೇಕೆಂದರು. "ನೀವ ಮಾಡ್ರಿ ಕಾಕಾ. ಅಂಚು ಕೆಡಸೂದು ನಿಮ್ಮ ಕೈಗೆ ಛಲೋ ಒಗ್ಗತೈತಿ." ಅಂದು ನಾನು ತಲೆಯೆತ್ತಲಿಲ್ಲ. ಆದರೆ ನಿವೃತ್ತಿಯವರೆಗೂ ನನ್ನ ಅನ್ನ ಆ ಕಚ್ಚುಗಳಿಂದಲೇ ಬಂತು.

ಇವತ್ತು ಸೊಸೆ ಬಟ್ಟೆ ಬದಲಿಸಲು ಕೋಣೆಗೆ ಹೋದಾಗ, ಈಗ ಧಾರವಾಡದಲ್ಲೇ ಇರುವ ಬಾಯಾರಿಗೆ ಫೋನು ಹಚ್ಚಿದೆ.

"ಬಾಯಾರ, ಆ ನಾಜಲ್ ಸವದಿರಲಿಲ್ರಿ. ನಾನ ಬೀಳಿಸಿದ್ದೆ."

ಆ ಕಡೆಯಿಂದ ನಗು ಕೇಳಿಸಿತು. "ಗೊತ್ತಿತ್ತು ಕಾಕಾ. ಸವದದ್ದು ಹಂಗ ಒಂದ ಕಡೆ ನಗ್ಗತೈತೇನು?"

"ಮತ್ತ ಯಾಕ ಬಿಟ್ರಿ?"

"ಬಿಟ್ಟಿಲ್ಲ, ಕೇಳಿದ್ನಲ್ಲ. ನೀವು ಉತ್ತರ ಹೇಳಾಕ ತಡಾ ಮಾಡಿದ್ರಿ, ಅಷ್ಟ."

ಫೋನಿಟ್ಟು ಹೊರಗೆ ಬಂದೆ. ಸೊಸೆ ಚಪ್ಪಲಿ ಮೆಟ್ಟುತ್ತಿದ್ದಳು.

"ನಲ್ಲಿ ಸವದಿಲ್ಲವ್ವ. ನಾನ ಕುಕ್ಕರ್ ಬಡದೆ."

"ಮುಂಜಾನೆ ಕುಕ್ಕರಿನ ಮುಚ್ಚಳ ಸರಿ ಕುಂದರಲಿಲ್ಲ, ಆಗ ತಿಳದಿತ್ರಿ ಮಾವಾರ," ಎಂದು ಅವಳು ಬಾಗಿಲು ಎಳೆದುಕೊಂಡಳು.